ದುರುಗಕ್ಕನ ಮರದ ಬದನಿಕೆ

ಮೇ 3, ಶುಕ್ರವಾರ

ಇವತ್ತೂ ಸಂಡಿಗೆ ಒಣಗಲಿಲ್ಲ. ಮೊನ್ನೆ ಹಾಕಿದ್ದು ಇನ್ನೂ ಒತ್ತಿದರೆ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಜಗಳೂರಿನಲ್ಲಿ, ಅದೂ ಮೇ ತಿಂಗಳಲ್ಲಿ, ಬಿಸಿಲಿಲ್ಲದೆ ಸಂಡಿಗೆ ಕೆಟ್ಟಿತು ಎಂದರೆ ಕೇಳಿದವರು ನನ್ನ ಹಣೆ ಮುಟ್ಟಿ ಜ್ವರ ನೋಡುತ್ತಾರೆ. ಇಡೀ ಊರು ಕಾದ ಹೆಂಚಾಗಿದೆ. ನಮ್ಮ ಮಾಳಿಗೆಯೊಂದೇ ತಂಪು. ಪಕ್ಕದ ಮನೆ ದುರುಗಕ್ಕನ ಮಾವಿನ ಮರದ ಕೊಂಬೆಯೊಂದು ಗೋಡೆ ದಾಟಿ ಬಂದು ನನ್ನ ಹಪ್ಪಳ ಸಂಡಿಗೆಗೆ ಕೊಡೆ ಹಿಡಿದು ನಿಂತಿದೆ. ಸಾಲದ್ದಕ್ಕೆ ಇರುವೆ ಉದುರಿಸುತ್ತದೆ. ಹೋದ ವಾರ ದಾವಣಗೆರೆಯ ಅಂಗಡಿಯವರು ಫೋನ್ ಮಾಡಿ, "ಪುಷ್ಪಕ್ಕಾ, ಹಪ್ಪಳದಾಗಿರೋದು ಜೀರಿಗೆ ಅಲ್ಲ, ನಡೀತೈತೆ" ಎಂದರು. ಇನ್ನೊಂದು ವರ್ಷ ನೋಡುತ್ತಾರಂತೆ, ಹಿಂಗೇ ಆದರೆ ಬೇರೆಯವರ ಹತ್ತಿರ ಮಾಲು ತಗೊಳ್ಳುತ್ತಾರಂತೆ. ನಗುನಗುತ್ತಲೇ ಹೇಳಿದರು. ಹಪ್ಪಳ, ಸಂಡಿಗೆ, ಶಾವಿಗೆ ಬಿಟ್ಟರೆ ನನಗೆ ಬೇರೆ ಕಸುಬು ಬರುವುದಿಲ್ಲ.

ಮಧ್ಯಾಹ್ನ ಹೋಗಿ ಕೇಳಿಯೇಬಿಟ್ಟೆ.

"ದುರುಗಕ್ಕ, ಆ ಒಂದು ಕೊಂಬೆ ಕಡಿಸ್ರಿ. ನನ್ನ ಮಾಳಿಗೆ ಮ್ಯಾಲೆ ಬಂದೈತೆ."

ಆಯಮ್ಮ ಎಮ್ಮೆಗೆ ಮೇವು ಹಾಕುತ್ತಿದ್ದಳು. ತಿರುಗಿಯೂ ನೋಡಲಿಲ್ಲ. "ಈ ವರ್ಷ ಕಾಯಿ ಬಿಡ್ತೈತೆ. ಬಿಟ್ಟ ಮ್ಯಾಲೆ ನೋಡಾಣ."

"ಹೋದ ವರ್ಷಾನೂ ಇದನ್ನೇ ಹೇಳಿದ್ರಿ."

"ಹೋದ ವರ್ಷಾನೂ ಬಿಡ್ತಿತ್ತು. ಮನಸ್ಸು ಮಾಡ್ಲಿಲ್ಲ."

"ನೆರಳು ಬೀಳ್ತೈತಲ್ರಿ!"

"ಜನ ನೆರಳು ಹುಡುಕ್ಕಂಡು ಅಲೀತಾರೆ. ನಿಂಗೆ ಪುಕ್ಸಟ್ಟೆ ಸಿಕ್ಕೈತೆ, ಅದಕ್ಕೂ ಜಗಳ ತೆಗೀತೀಯಲ್ಲವ್ವ."

ನೆಟ್ಟಾಗಿನಿಂದ ಆ ಮರ ಒಂದೇ ಒಂದು ಮಿಡಿ ಬಿಟ್ಟಿಲ್ಲ. ಆಯಮ್ಮ ಮಾತ್ರ ಪ್ರತಿ ವರ್ಷ ಉಪ್ಪಿನಕಾಯಿ ಜಾಡಿ ತೊಳೆದು ಕವುಚಿ ಇಡುತ್ತಾಳೆ.

ಇದನ್ನೆಲ್ಲ ಯಾರ ಹತ್ತಿರ ಹೇಳಿಕೊಳ್ಳಲಿ? ನಮ್ಮನೆಯವರು ಮೆಕ್ಕೆಜೋಳದ ಲಾರಿ ಹತ್ತಿದರೆ ನಾಲ್ಕು ದಿನ ಪತ್ತೆಯಿಲ್ಲ. ಓಣಿಯಲ್ಲಿ ಹೇಳಿದರೆ ಸಂಜೆಯೊಳಗೆ ದುರುಗಕ್ಕನ ಎಮ್ಮೆಗೂ ಗೊತ್ತಾಗುತ್ತದೆ. ಅದಕ್ಕೇ ಬರೆಯುತ್ತಾ ಕೂತಿದ್ದೇನೆ.

ಮೇ 9

ಹಿಟ್ಟಿನ ಗಿರಣಿಯಲ್ಲಿ ಎದುರು ಮನೆ ಗಾದ್ರಮ್ಮ ಸಿಕ್ಕಿದ್ದಳು. ಬಸವಾಪಟ್ಟಣದಲ್ಲಿ ಅವಳ ತಮ್ಮನ ಮಾವಿನ ಮರಗಳಿಗೆ ಬದನಿಕೆ ಬಿದ್ದು ಕೊಂಬೆಗಳೆಲ್ಲ ಒಣಗಿ ಹೋದವಂತೆ. ಬದನಿಕೆ ನಾನೂ ನೋಡಿದ್ದೇನೆ. ನೆಲದಲ್ಲಿ ಬೇರಿಲ್ಲ, ಸ್ವಂತ ಮರವಿಲ್ಲ. ಇನ್ನೊಬ್ಬರ ಕೊಂಬೆ ಮೇಲೆ ಕೂತು ಅದರ ರಸ ಕುಡಿದು ಹಸಿರಾಗಿರುತ್ತದೆ.

"ಅದು ಕೂತ್ರೆ ಆ ಕೊಂಬೆ ಮುಗೀತು ನೋಡು," ಎಂದಳು ಗಾದ್ರಮ್ಮ.

ನಾನು ಹಿಟ್ಟನ್ನು ಗಿರಣಿಯಲ್ಲೇ ಬಿಟ್ಟು ಮನೆಗೆ ಬಂದೆ.

ಮೇ 10

ಯೂಟ್ಯೂಬಿನಲ್ಲಿ "ಮಾವಿನಲ್ಲಿ ಬದನಿಕೆ ನಿವಾರಣೆ" ಎಂದು ಒಂದು ವಿಡಿಯೋ ಸಿಕ್ಕಿತು. ಕನ್ನಡಕದ ಸಾಹೇಬರೊಬ್ಬರು ಮರದ ಕೆಳಗೆ ನಿಂತು ಹೇಳುತ್ತಾರೆ: "ರೈತ ಬಾಂಧವರೇ, ಹಕ್ಕಿ ಬದನಿಕೆಯ ಹಣ್ಣು ತಿಂದು ಬೀಜವನ್ನು ಕೊಂಬೆಗೆ ಒರೆಸುತ್ತದೆ. ಬೀಜದಲ್ಲಿ ಅಂಟಿರುವುದರಿಂದ ಅಲ್ಲೇ ಹಿಡಿದುಕೊಂಡು ಮೊಳೆಯುತ್ತದೆ. ಆದ್ದರಿಂದ ಹಣ್ಣಾಗುವ ಮೊದಲೇ ಕತ್ತರಿಸಬೇಕು." ಅವರು ಏನೇನು ಆಗಬಾರದು ಎಂದರೋ ಅದನ್ನೆಲ್ಲ ಮನಸ್ಸಿಗೆ ಹಾಕಿಕೊಂಡೆ. ಕೊನೆಗೆ ಲೈಕ್ ಒತ್ತಿದೆ. ಪಾಪ, ಬಿಸಿಲಲ್ಲಿ ನಿಂತು ಹೇಳಿದ್ದಾರೆ.

ಮೇ 16

ಚನ್ನಗಿರಿ ಕಡೆ ಲೋಡು ಹೋಗಿದ್ದ ನಮ್ಮನೆಯವರಿಗೆ ಫೋನ್ ಮಾಡಿ, ಹಣ್ಣಿರುವ ಬದನಿಕೆ ತನ್ನಿ ಎಂದಿದ್ದೆ. ಹೆಸರು ಕೆಂಚೇಶ್ ಆದರೂ ಬುದ್ಧಿ ಬಸವನದ್ದು. ಯಾಕೆ ಅಂತ ಕೇಳಲಿಲ್ಲ. ಕುರಿಯಷ್ಟು ದೊಡ್ಡ ಕಟ್ಟನ್ನು ಲಾರಿಯ ಮುಂದೆ ಕಟ್ಟಿಕೊಂಡು ಬಂದಿದ್ದಾರೆ.

"ಇನ್ನೂ ಜಾಸ್ತಿ ಇತ್ತು. ದಾರಿಯಾಗೆ ಡ್ರೈವರುಗಳು ಏನಿದು ಅಂದ್ರು. ಲಾರಿಗೆ ಒಳ್ಳೇದಾಗ್ತೈತಂತೆ ಅಂದೆ. ಟೊಂಗೆ ಟೊಂಗೆ ಕಿತ್ಕಂಡು ಹೋದ್ರು."

"ಯಾರು ಹೇಳಿದ್ರು ಒಳ್ಳೇದಾಗ್ತೈತಂತ?"

"ನೀನು ತರಾಕೆ ಹೇಳಿದ ಮ್ಯಾಲೆ ಒಳ್ಳೇದಕ್ಕೇ ಇರ್ತೈತಲ್ಲ."

ಒಂದು ಕ್ಷಣ ಮನಸ್ಸಿಗೆ ಹೇಗೋ ಆಯಿತು. ಆಮೇಲೆ ಹಸಿ ಸಂಡಿಗೆ ನೆನಪಾಗಿ ಸರಿಹೋಯಿತು.

ಮೇ 17

ಬೆಳಗ್ಗೆ ಬೇಗ ಎದ್ದು ಕೆಲಸ ಶುರು ಮಾಡಿದೆ. ಹಣ್ಣು ಹಿಚುಕಿದರೆ ಬೀಜ ಹೊರಗೆ ಬರುತ್ತದೆ, ಜೊತೆಗೆ ಒಂದು ಅಂಟು. ಎಂಥ ಅಂಟು! ಒಂದು ಬೆರಳಿಂದ ಬಿಡಿಸಿದರೆ ಇನ್ನೊಂದು ಬೆರಳಿಗೆ. ಎರಡನ್ನೂ ಬಿಡಿಸಹೋದರೆ ಮೂಗಿಗೆ. ಫೋನಿಗೆ ಒಂದು ಬೀಜ ಅಂಟಿತು, ಅದನ್ನು ಒರೆಸುವಾಗ ಯಾರಿಗೋ ಕಾಲ್ ಹೋಯಿತು. ಅಂಗಡಿಯವರು "ಹಲೋ, ಹಲೋ" ಎನ್ನುತ್ತಿದ್ದರೆ ಕಟ್ ಮಾಡಲು ಬೆರಳೇ ಬರಲಿಲ್ಲ.

ಕೊನೆಗೆ ಬಟ್ಟೆ ಒಣಗಿಸುವ ಕೋಲಿನ ತುದಿಗೆ ಬೀಜ ಮೆತ್ತಿ, ಮಾಳಿಗೆಯ ಗೋಡೆಯಿಂದ ಬಗ್ಗಿ, ಕೊಂಬೆಗೆ ಒತ್ತುತ್ತಾ ಹೋದೆ. ನನ್ನ ಕಡೆ ಕೆಲವು, ಆಯಮ್ಮನ ಕಡೆ ಬುಡದ ತನಕ ಕೆಲವು. ಹಪ್ಪಳ ಹರಡಿದ ಹಾಗೆ, ಗೇಣಿಗೊಂದು, ನೆಟ್ಟಗೆ ಒಂದೇ ಸಾಲು. ಮಾಡುವ ಕೆಲಸ ಯಾವುದಾದರೂ ಅಚ್ಚುಕಟ್ಟಾಗಿ ಮಾಡಬೇಕು.

ಮೇ 18

ರಾತ್ರಿ ಊಟದ ಹೊತ್ತಿಗೆ ನಮ್ಮನೆಯವರ ಮೀಸೆಯಲ್ಲಿ ಒಂದು ಬೀಜ. ಹೇಗೆ ಹೋಯಿತೋ ದೇವರಿಗೇ ಗೊತ್ತು. ಕತ್ತರಿ ಹಾಕಬೇಕಾಯಿತು. ಈಗ ಮೀಸೆ ಒಂದು ಕಡೆ ಗಿಡ್ಡ.

ಮೇ 24

ಬೆಳಗ್ಗೆ ನೋಡಿದರೆ ನಡುಗೋಡೆಯ ಮೇಲೆ ಕುಯ್ದ ನಿಂಬೆಹಣ್ಣು, ಅದಕ್ಕೆ ಕುಂಕುಮ. ಪಕ್ಕದಲ್ಲಿ ಹರಿದ ಚಪ್ಪಲಿ ನಮ್ಮ ಮನೆಗೆ ಮುಖ ಮಾಡಿ ತೂಗುತ್ತಿದೆ. ಗಾದ್ರಮ್ಮ ಸುದ್ದಿ ತಂದಳು.

"ದುರುಗಕ್ಕಂಗೆ ಕಣ್ಣು ಮಂಜು ಕಣೇ. ಮೊನ್ನೆ ಬೆಳಿಗ್ಗೆ ನೀನು ಕೋಲು ಹಿಡ್ಕಂಡು ಮರಕ್ಕೆ ಏನೋ ಮಾಡಾಕತ್ತಿದ್ದೆ, ಬಾಯಾಗೆ ಮಣಮಣ ಅಂತಿದ್ದೆ ಅಂತಾಳೆ. ಮಾಟ ಮಾಡ್ಸೀಯ ಅಂತ ಹೆದರ್ಕಂಡಾಳೆ."

ಮಣಮಣ ಅಂದದ್ದು ಬೀಜದ ಲೆಕ್ಕ. ಅದನ್ನು ಹೇಳುವ ಹಾಗಿಲ್ಲ. ಮಾಟಗಾತಿ ಅಂದುಕೊಂಡರೇ ವಾಸಿ ಎಂದು ಸುಮ್ಮನಾದೆ. ಆದರೆ ಚಪ್ಪಲಿಗೆ ಉತ್ತರ ಕೊಡದಿದ್ದರೆ ಹೇಗೆ? ನನ್ನ ಕಡೆಯಿಂದ ಒಂದು ಬೂದುಗುಂಬಳ ಇಟ್ಟು ಅದಕ್ಕೆ ಕಣ್ಣು ಮೀಸೆ ಬರೆದೆ.

ಜೂನ್ 2, ಭಾನುವಾರ

ಗೋಡೆ ಮೇಲೆ ಈಗ ನಿಂಬೆಹಣ್ಣು, ಕುಂಬಳಕಾಯಿ, ಮೆಣಸಿನಕಾಯಿ ಸರ, ಬೇವಿನ ಸೊಪ್ಪು, ಕರಿ ದಾರ. ದಾರಿಯಲ್ಲಿ ಹೋಗುವವರು ಚಪ್ಪಲಿ ಬಿಟ್ಟು ಕೈ ಮುಗಿಯಲು ಶುರು ಮಾಡಿದ್ದಾರೆ. ಇವತ್ತು ಯಾರೋ ಹೊಸ ಬೈಕು ತಂದವರು ಅಲ್ಲೇ ನಿಲ್ಲಿಸಿ ಕಾಯಿ ಒಡೆದು ಹೋದರು. ಒಂದು ಹೋಳು ನಮ್ಮ ಕಡೆ ಬಿತ್ತು, ಒಂದು ಆಯಮ್ಮನ ಕಡೆ. ಇಬ್ಬರೂ ಎತ್ತಿಕೊಂಡೆವು.

ಚಟ್ನಿ ಚೆನ್ನಾಗಿತ್ತು.

ಜೂನ್ 20

ಮೊಳೆತಿದೆ! ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು ಹಸಿರು, ಬಗ್ಗಿ ಕೊಂಬೆಗೆ ಮುತ್ತು ಕೊಡುವ ಹಾಗಿದೆ. ನನ್ನ ಮಾಳಿಗೆ ಕಡೆಯವನ್ನೆಲ್ಲ ಇರುವೆ ಕಿತ್ತುಕೊಂಡು ಹೋಗಿವೆ. ಆಚೆ ಕಡೆ, ಆಯಮ್ಮನ ಕೊಟ್ಟಿಗೆಯ ಮೇಲಿರುವವು ಮಾತ್ರ ಉಳಿದಂತಿವೆ. ಎಲೆ ಅಡ್ಡ ಬಂದು ಸರಿಯಾಗಿ ಕಾಣುವುದಿಲ್ಲ. ಕೊಟ್ಟಿಗೆ ಪಕ್ಕದ ಕಲ್ಲುಕಟ್ಟೆ ಮೇಲೆ ಕೂತರೆ ಚೆನ್ನಾಗಿ ಕಾಣಬೇಕು.

ಅಲ್ಲಿ ಕೂರುವುದು ಹೇಗೆ?

ಜೂನ್ 23

ಪ್ಯಾಕೆಟ್ ಹಾಲು ಬಿಟ್ಟೆ. ಇವತ್ತಿಂದ ದುರುಗಕ್ಕನ ಎಮ್ಮೆ ಹಾಲು. ತಂಬಿಗೆ ಹಿಡಿದು ಹೋದಾಗ ಆಯಮ್ಮ ಬಾಗಿಲಿಗೆ ಅಡ್ಡ ನಿಂತು ಮುಖಕ್ಕೆ ಮುಖ ಹತ್ತಿರ ತಂದು ನೋಡಿದಳು.

"ಯಾರು?"

"ನಾನು ಪುಷ್ಪಾ."

"ಮಾಟ ಮಾಡಾಕೆ ಬಂದೀಯಾ?"

"ಹಾಲಿಗೆ ಬಂದೀನ್ರಿ."

ಸ್ವಲ್ಪ ಯೋಚಿಸಿದಳು. "ಹಾಲಿಗಾದ್ರೆ ಕೂತ್ಕೋ. ಮೇಡಂ ಇನ್ನೂ ಎದ್ದಿಲ್ಲ."

ಮೇಡಂ ಎಂದರೆ ಎಮ್ಮೆ. ಮಲಗಿದ್ದಾಗ ಎಬ್ಬಿಸಿದರೆ ಹಾಲು ಕೊಡುವುದಿಲ್ಲವಂತೆ, ಅದಕ್ಕೇ ಆ ಹೆಸರು. ನಾನು ಕಟ್ಟೆ ಮೇಲೆ ಕೂತು ತಲೆ ಎತ್ತಿ ನೋಡಿದೆ. ಐದು! ಐದು ಬದನಿಕೆ ಸಾಲಾಗಿ ಹಿಡಿದುಕೊಂಡಿವೆ. ಇನ್ನೊಂದು ವರ್ಷದಲ್ಲಿ ಕೊಂಬೆ ಕಟ್ಟಿಗೆ.

ಜುಲೈ 28

ಬದನಿಕೆಗೆ ಎರಡೆರಡು ಎಲೆ ಬಂದಿವೆ, ಕೂಸಿನ ಕಿವಿಯ ಹಾಗೆ. ಮಳೆ ಕೈಕೊಟ್ಟಿದೆ ಎಂದು ಬೆಳಗ್ಗೆ ಮಾಳಿಗೆಯಿಂದ ಸ್ಪ್ರೇ ಬಾಟಲಿಯಲ್ಲಿ ನೀರು ಹೊಡೆದೆ. ಕೆಳಗಿಂದ ಆಯಮ್ಮ, "ಮಳೆ ಬಂತು, ಮಳೆ ಬಂತು" ಎಂದು ಒಣಹಾಕಿದ ಸಗಣಿ ಕುಳ್ಳನ್ನೆಲ್ಲ ಒಳಗೆ ಹೊತ್ತಳು. ಇಳಿದು ಹೋಗಿ ಹೊರಲು ಕೈ ಹಾಕಿದೆ. ಏನು ಮಾಡುವುದು, ಮಳೆ ನನ್ನದೇ ತಾನೇ.

ಆಗಸ್ಟ್ 14

ದುರುಗಕ್ಕ ಟೀ ಕೊಟ್ಟಳು. ಸಕ್ಕರೆ ಬದಲು ಉಪ್ಪು. ಡಬ್ಬಿ ಗೊತ್ತಾಗಿಲ್ಲ. ಹಾಲನ್ನೂ ಅರ್ಧ ತಂಬಿಗೆಗೆ, ಅರ್ಧ ನನ್ನ ಕಾಲಿಗೆ ಸುರಿಯುತ್ತಾಳೆ. ಕಣ್ಣು ಹೀಗಿರುವುದು ನನಗೆ ಒಳ್ಳೆಯದೇ. ಕಾಣದಿದ್ದರೆ ಬದನಿಕೆಯೂ ಕಾಣುವುದಿಲ್ಲ.

"ಹೆಂಗೈತೆ ಟೀ?" ಎಂದಳು.

"ಚೆನ್ನಾಗೈತೆ."

"ಇನ್ನೊಂದು ಲೋಟ ಕುಡಿ."

ಕುಡಿದೆ. ಮನೆಗೆ ಬಂದು ಒಂದು ಕೊಡ ನೀರು ಕುಡಿದೆ. ಸಾಯಂಕಾಲ ಎರಡು ಡಬ್ಬಿ ತಗೊಂಡು ಹೋಗಿ, ಸಕ್ಕರೆ ಡಬ್ಬಿಗೆ ದಪ್ಪ ದಾರ ಸುತ್ತಿ ಕೊಟ್ಟೆ. ಹೀಗೇ ಉಪ್ಪು ಕುಡಿದರೆ ನಾನು ಕೊಂಬೆಗಿಂತ ಮೊದಲೇ ಒಣಗುತ್ತೇನೆ.

ಸೆಪ್ಟೆಂಬರ್ 19

ಎಲೆಗಳು ಈಗ ನಾಲ್ಕು. ಗೋಡೆ ಮೇಲಿನ ಕುಂಬಳಕಾಯಿ ಕೊಳೆಯಿತು. ಬಿಸಾಡಿದೆ. ದುರುಗಕ್ಕ ಚಪ್ಪಲಿ ತೆಗೆದಳು. ಅದರ ಜೋಡಿ ಸಿಕ್ಕಿತಂತೆ, ಹಾಕಿಕೊಂಡಿದ್ದಾಳೆ.

ಅಕ್ಟೋಬರ್ 22

ಹಾಲಿಗೆ ಹೋದಾಗ ದುರುಗಕ್ಕ ಬಾಗಿಲಲ್ಲಿದ್ದ ಗೋಣಿಚೀಲಕ್ಕೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಳು. "ಕರೆದ್ರೆ ಓ ಅನ್ನಾಕೂ ಬರಲ್ಲೇನೇ ಗಾದ್ರಿ? ನಿಂಗೇನು ಸೊಕ್ಕು?" ನಗು ತಡೆಯಲಾಗಲಿಲ್ಲ. ನನ್ನ ನಗು ಕೇಳಿ ತಿರುಗಿದವಳು ಮೆಟ್ಟಿಲು ಕಾಣದೆ ಮುಗ್ಗರಿಸಿದಳು. ನಾನು ಹಿಡಿಯದಿದ್ದರೆ ತಲೆ ಸೀದಾ ಕಲ್ಲಿಗೆ ಹೊಡೆಯುತ್ತಿತ್ತು.

ಬಾಯಿಗೆ ಬಂದದ್ದು ಬೈದೆ. "ಆಪ್ರೇಸನ್ ಮಾಡಿಸ್ಕಳಾಕೆ ಏನಾಗೈತೆ ನಿಂಗೆ?"

"ಮಗಳು ಬರ್ಲಿ ಅಂತಿದ್ದೆ. ಅವಳ ಸೊಸೆ ಬಾಣಂತಿ. ಸವಳಂಗ ಬಿಟ್ಟು ಬರಾಕಾಗಲ್ಲ ಅಂದ್ಲು."

"ನಾ ಕರ್ಕಂಡು ಹೋಗ್ತೀನಿ. ನಾಳೆ ಬಸ್ಸಿಗೆ ರೆಡಿ ಇರು."

ಇವಳು ಬಿದ್ದು ಸೊಂಟ ಮುರಿದುಕೊಂಡು ಮಗಳ ಮನೆಗೆ ಹೋದರೆ ಬಾಗಿಲಿಗೆ ಬೀಗ ಬೀಳುತ್ತದೆ. ಆಮೇಲೆ ನಾನು ಬದನಿಕೆ ನೋಡುವುದು ಎಲ್ಲಿಂದ? ಅದಕ್ಕೆ.

ಅಕ್ಟೋಬರ್ 23

ದಾವಣಗೆರೆಯ ಕಣ್ಣಾಸ್ಪತ್ರೆಗೆ ಹೋಗಿ ಬಂದೆವು. ಡಾಕ್ಟರು ಗೋಡೆಯ ಮೇಲಿನ ಅಕ್ಷರ ತೋರಿಸಿ ಓದಿ ಎಂದರೆ ದುರುಗಕ್ಕ, "ಗೋಡೆ ಎಲ್ಲೈತೆ?" ಎಂದಳು. ಎರಡು ಕಣ್ಣಿಗೂ ಪೊರೆ. ಮೊದಲು ಬಲಗಣ್ಣಿಗೆ ಡಿಸೆಂಬರಿನಲ್ಲಿ ಆಪರೇಷನ್. ಆಮೇಲೆ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ ಎಂದರು. ಖುಷಿಯಿಂದ ಬಸ್ ಹತ್ತಿ ಇಬ್ಬರೂ ಕಳ್ಳೇಕಾಯಿ ತಿಂದೆವು.

ಅರ್ಧ ದಾರಿ ಬಂದ ಮೇಲೆ ಹೊಳೆಯಿತು. ಎಲ್ಲ ಕಾಣುತ್ತದೆ ಎಂದರೆ ಬದನಿಕೆಯೂ ಕಾಣುತ್ತದೆ!

ಕಳ್ಳೇಕಾಯಿ ಗಂಟಲಲ್ಲಿ ಸಿಕ್ಕಿಕೊಂಡಿತು. ದುರುಗಕ್ಕ ಬೆನ್ನಿಗೆ ಗುದ್ದಿದಳು. ಆ ಗುದ್ದು ನನಗೆ ಬೇಕಾಗಿಯೇ ಇತ್ತು.

ನವೆಂಬರ್ 17

ಕತ್ತರಿಸಿಬಿಡೋಣ ಎಂದು ಬೆಳಗ್ಗೆ ಕುಡುಗೋಲು ಹಿಡಿದು ಮಾಳಿಗೆ ಹತ್ತಿದೆ. ಅಂಗೈಯಗಲ ಎಲೆ, ಗಾಳಿಗೆ ತಲೆ ಆಡಿಸುತ್ತಿವೆ. ಎಷ್ಟು ಆರೋಗ್ಯವಾಗಿವೆ. ಒಂದಕ್ಕೂ ಹುಳು ಇಲ್ಲ. ಹಪ್ಪಳ ಬಿಟ್ಟು ನಾನು ಬೆಳೆಸಿದ್ದು ಅಂತ ಬೇರೆ ಏನಿದೆ? ನೀರು ಹೊಡೆದು ಇಳಿದು ಬಂದೆ.

ಡಿಸೆಂಬರ್ 5

ಆಪರೇಷನ್ ಆಯಿತು. ಒಳಗೆ ಹೋಗುವಾಗ ದುರುಗಕ್ಕ ನನ್ನ ಕೈ ಬಿಡಲಿಲ್ಲ. ನರ್ಸು ಬಿಡಿಸಿದರು.

ಡಿಸೆಂಬರ್ 9

ದಿನಕ್ಕೆ ಆರು ಸಲ ಡ್ರಾಪ್ಸ್. ಕಟ್ಟೆ ಮೇಲೆ ಕೂರಿಸಿ ತಲೆ ಹಿಂದಕ್ಕೆ ಬಾಗಿಸಿ ಹಾಕುತ್ತೇನೆ. ತಲೆ ಬಾಗಿಸಿದರೆ ಕಣ್ಣು ನೇರ ಬದನಿಕೆ ಮೇಲೆ! ಅದಕ್ಕೆ ಹಾಕಿದ ತಕ್ಷಣ "ಮುಚ್ಚು, ಮುಚ್ಚು, ಗಟ್ಟಿಯಾಗಿ ಮುಚ್ಚು" ಎನ್ನುತ್ತೇನೆ. ದುರುಗಕ್ಕ ಗಾದ್ರಮ್ಮನಿಗೆ, "ನನ್ನ ಮಗಳಿಗೂ ಇಷ್ಟು ಕಾಳಜಿ ಇಲ್ಲ" ಎಂದಳಂತೆ.

ಮೇಡಂ ಹಾಲು ಕರೆಯುವುದೂ ನನ್ನ ತಲೆಗೇ ಬಂದಿದೆ. ಇವತ್ತು ಬಾಲದಿಂದ ಕೆನ್ನೆಗೆ ಹೊಡೆದಳು. ಹೊಸ ಸಿಬ್ಬಂದಿ ಹಿಡಿಸಿಲ್ಲ.

ಡಿಸೆಂಬರ್ 21

ಡ್ರಾಪ್ಸ್. ಹಾಲು. ಕುಳ್ಳು. ರೊಟ್ಟಿ ಎರಡು ಮನೆಗೂ ಸೇರಿಸಿ ತಟ್ಟಿದೆ. ಬದನಿಕೆ ನೋಡಲು ಮರೆತೆ.

ಜನವರಿ 11

ಬೆಳಗ್ಗೆ ಮಾಳಿಗೆ ಗುಡಿಸುವಾಗ ತಲೆ ಮೇಲೆ ಏನೋ ಉದುರಿತು. ಹೂವು! ಮಾವಿನ ಹೂವು! ನನ್ನ ಮಾಳಿಗೆ ಮೇಲಿನ ಕೊಂಬೆ ತುಂಬ ಹೂವು. ಮಿಕ್ಕ ಮರದಲ್ಲಿ ಹುಡುಕಿದರೂ ಒಂದು ಗೊಂಚಲಿಲ್ಲ, ಇಡೀ ಮರದಲ್ಲಿ ಇದೊಂದೇ ಕೊಂಬೆಗೆ ಮನಸ್ಸು ಬಂದಿದೆ. ಪೊರಕೆ ಎಸೆದು ಮೆಟ್ಟಿಲು ಇಳಿದು ಓಡಿದೆ.

"ಅಕ್ಕ! ಹೂ ಬಿಟ್ಟೈತೆ! ನಿನ್ನ ಮರ ಹೂ ಬಿಟ್ಟೈತೆ!"

ದುರುಗಕ್ಕನ ಕಪ್ಪು ಕನ್ನಡಕದ ಒಳಗಿಂದ ನೀರು ಇಳಿಯಿತು. ಡಾಕ್ಟರು ಅಳಬಾರದು ಎಂದಿದ್ದಾರೆ ಎಂದು ಗದರಿಸಿದೆ. ನಾನೂ ಅಳುತ್ತಿದ್ದೆ, ಆದರೆ ನನ್ನ ಕಣ್ಣಿಗೆ ಆಪರೇಷನ್ ಆಗಿಲ್ಲ.

ಜನವರಿ 19, ಭಾನುವಾರ

ಕಪ್ಪು ಕನ್ನಡಕ ತೆಗೆದಾಯಿತು. ಅಕ್ಕ ಮೊದಲು ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು.

"ಪುಷ್ಪಾ, ನಿನ್ನ ಮೂಗು ಹಿಂಗೈತಾ?"

"ಹಿಂಗೇ ಐತೆ."

"ಇರ್ಲಿ ಬಿಡು."

ಆಮೇಲೆ ಮೇಡಂ ಹತ್ತಿರ ಹೋಗಿ, "ವಯಸ್ಸಾಗೈತಲ್ಲೇ ನಿಂಗೆ" ಎಂದಳು. ಕೊನೆಗೆ ತಲೆ ಎತ್ತಿ ಮರ ನೋಡಿದಳು. ಹೂವು ನೋಡಿದಳು. ಹೂವಿನಿಂದ ಕಣ್ಣು ಬುಡದ ಕಡೆ ಸರಿಯಿತು.

"ಅದೇನು ಬೇರೆ ಬಣ್ಣದ ಎಲೆ?"

"ಮರದ್ದೇ. ಹಳೇ ಎಲೆ."

"ಹೂಂ," ಎಂದಳು. ಇನ್ನೊಂದು ಸಲ ನೋಡಿ ಒಳಗೆ ಹೋದಳು. ನನಗೆ ಊಟ ಸೇರಲಿಲ್ಲ.

ಫೆಬ್ರವರಿ 23

ಮೈಯೆಲ್ಲ ತರಚಿದೆ.

ಸಂಡಿಗೆ ಹಿಟ್ಟು ಕುದಿಸುತ್ತಿದ್ದೆ. ಹೊರಗೆ ಗರಗಸದ ಸದ್ದು. ಮಾಳಿಗೆ ಹತ್ತಿ ನೋಡಿದರೆ ಮರ ಕಡಿಯುವ ಪಾಲಣ್ಣ ಏಣಿ ಹಾಕಿ ಕೊಂಬೆಯ ಬುಡಕ್ಕೆ ಗರಗಸ ಇಟ್ಟಿದ್ದಾನೆ. ಕೆಳಗೆ ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಳೆ.

"ಏ ಪಾಲಣ್ಣ! ನಿಲ್ಸು!" ಎಂದು ಕೂಗಿದೆ.

"ಬದನಿಕೆ ಬಿದ್ದೈತಂತಲ್ಲವ್ವ. ದುರುಗಕ್ಕ ಹೇಳಿದ್ಲು, ಬುಡಕ್ಕೇ ತೆಗಿ ಅಂತ."

"ಕಾಯಿ ಕಚ್ಚೈತೆ! ಕಣ್ಣು ಕಾಣಲ್ವಾ?"

ಬಟಾಣಿಯಷ್ಟು ಮಿಡಿಗಳು ಗೊಂಚಲು ಗೊಂಚಲಾಗಿ ನೇತಾಡುತ್ತಿದ್ದವು. ಮೊದಲ ಸಲ ಬಿಟ್ಟಿರುವುದು. ಅದೂ ಇದೊಂದೇ ಕೊಂಬೆಗೆ.

"ಕಾಯಿ ಮುಂದಿನ ವರ್ಷ ಬೇರೆ ಕೊಂಬೆ ಬಿಡ್ತೈತೆ," ಎಂದಳು ಅಕ್ಕ ಕೆಳಗಿಂದ. "ಬದನಿಕೆ ಇಡೀ ಮರಕ್ಕೆ ಹಬ್ಬಿದ್ರೆ? ನಿಂಗೂ ಬಿಸ್ಲು ಬೇಕಲ್ಲ. ನೀನೇ ಅಂದಿದ್ದೆ ಕಡಿಸ್ರಿ ಅಂತ."

"ಅವಾಗ ಅಂದಿದ್ದೆ!"

"ಈಗ ಹಪ್ಪಳ ಒಣಗೋದು ಬ್ಯಾಡ್ವಾ?"

"ಒಣಗ್ದಿದ್ರೆ ಹಾಳಾಗಿ ಹೋಗ್ಲಿ! ಕೊಂಬೆ ಮುಟ್ಟಿದ್ರೆ ನೋಡು!"

ಪಾಲಣ್ಣ ಇಬ್ಬರನ್ನೂ ನೋಡಿ, "ನಾ ಬೀಡಿ ಸೇದ್ತೀನಿ, ನೀವು ತೀರ್ಮಾನ ಮಾಡ್ರಿ" ಎಂದು ಏಣಿ ಮೇಲೇ ಕೂತ.

ನನಗೆ ಏನಾಯಿತೋ ಗೊತ್ತಿಲ್ಲ. ಸೀರೆ ಎತ್ತಿ ಕಟ್ಟಿ, ಕುಡುಗೋಲು ಸೊಂಟಕ್ಕೆ ಸಿಗಿಸಿ, ಮಾಳಿಗೆ ಗೋಡೆ ಹತ್ತಿ ಕೊಂಬೆಗೆ ಜೋತುಬಿದ್ದೆ. ಚಿಕ್ಕಂದಿನಲ್ಲೂ ಮರ ಹತ್ತಿದವಳಲ್ಲ. ಕೊಂಬೆ ನನ್ನ ಭಾರಕ್ಕೆ ಅಯ್ಯೋ ಅಂದಿತು. ಹಲ್ಲಿಯ ಹಾಗೆ ಅಂಟಿಕೊಂಡು ಮುಂದೆ ಸರಿದೆ. ಓಣಿಯವರೆಲ್ಲ ಬಂದು ಸೇರಿದರು. ಗಾದ್ರಮ್ಮ ವಿಡಿಯೋ ಮಾಡುತ್ತಿದ್ದಳು.

"ಕಾಯಿ ಇರೋ ಕೊಂಬೆ ಕಡೀಬಾರ್ದು! ಬದನಿಕೆ ಅಷ್ಟೇ ತೆಗೀಬೇಕು!" ಎಂದು ಕೂಗುತ್ತಾ ಒಂದೊಂದನ್ನೇ ಬುಡದ ಗಂಟಿನ ಸಮೇತ ಕೆತ್ತಿ ಕೆಳಗೆ ಹಾಕಿದೆ. ನಾಲ್ಕನ್ನು ಕೆತ್ತಿದ್ದಾಯಿತು, ಬುಡದ ಕಡೆ ಕೈಗೆ ಸಿಗಲಿಲ್ಲ. "ಪಾಲಣ್ಣ, ಅಲ್ಲಿ ನಿನ್ನ ಮೊಣಕಾಲ ಹತ್ರ ಇನ್ನೊಂದೈತೆ ನೋಡು, ಐದನೇದು!"

"ಎಲ್ಲವ್ವ? ಎಲೆ ಮುಚ್ಚೈತೆ, ನಂಗೇ ಕಾಣ್ತಿಲ್ಲ."

"ಅಲ್ಲೇ, ಒಂದು ಗೇಣು ಈ ಕಡೆ!"

ಪಾಲಣ್ಣ ಎಲೆ ಸರಿಸಿದ. ಇತ್ತು. ಸರಿಯಾಗಿ ಒಂದು ಗೇಣು. ಕೆಳಗಿದ್ದವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ನಾನು ಎಲೆಗಳಲ್ಲಿ ಮುಖ ಮುಚ್ಚಿಕೊಂಡೆ. ಕೊಂಬೆ ಮೇಲೆ ಮಲಗಿಕೊಂಡು ಮುಖ ಮುಚ್ಚಿಕೊಳ್ಳುವುದು ಬಹಳ ಕಷ್ಟ.

ಇಳಿಸಲು ನಾಲ್ಕು ಜನ ಬೇಕಾಯಿತು. ಪಾಲಣ್ಣ ಕಣಜದಲ್ಲಿ ಇಟ್ಟರೆ ಒಳ್ಳೆಯದು ಎಂದು ಬದನಿಕೆಯ ಒಂದು ಟೊಂಗೆ ತಗೊಂಡ. ಮಿಕ್ಕಿದ್ದನ್ನು ಎತ್ತಿಕೊಳ್ಳೋಣ ಎಂದು ತಿರುಗಿದರೆ ಮೇಡಂ ಹಗ್ಗ ಬಿಚ್ಚಿಕೊಂಡು ಬಂದು ಎಲ್ಲವನ್ನೂ ಕರಕರ ತಿಂದು ಮುಗಿಸಿದ್ದಳು. ಮೇ ತಿಂಗಳಲ್ಲಿ ಬಿತ್ತಿ, ನೀರು ಹೊಡೆದು ಸಾಕಿದ್ದು. ಬಾಯಿ ಸವರಿಕೊಂಡು ಇನ್ನೂ ಇದೆಯಾ ಎಂದು ನನ್ನನ್ನೇ ನೋಡಿದಳು.

ಫೆಬ್ರವರಿ 24

ಇಡೀ ದಿನ ಬಾಗಿಲು ಹಾಕಿಕೊಂಡು ಕೂತಿದ್ದೆ. ಸಾಯಂಕಾಲ ಅಕ್ಕನೇ ಬಂದಳು. ತರಚಿದ್ದಕ್ಕೆ ಹಚ್ಚಲು ಅರಿಶಿನ ಎಣ್ಣೆ ಕಾಯಿಸಿ ತಂದಿದ್ದಳು. ಕೈಗೆ ಹಚ್ಚುತ್ತಾ ಹಚ್ಚುತ್ತಾ, ಏನೂ ನಡೆದಿಲ್ಲ ಅನ್ನುವ ಹಾಗೆ ಶುರು ಮಾಡಿದಳು.

"ಕಣ್ಣು ಬಂದ ದಿವ್ಸಾನೇ ನೋಡಿದ್ದೆ ಬದನಿಕೇನ. ಹಕ್ಕಿ ತಂದು ಹಾಕ್ತೈತೆ ಅಂತಾರಲ್ಲ?"

"ಹೂಂ. ಹಕ್ಕಿ."

"ಬಲು ಶಿಸ್ತಿನ ಹಕ್ಕಿ ಕಣೇ. ಗೇಣಿಗೊಂದು, ನೆಟ್ಟಗೆ ಒಂದೇ ಸಾಲು. ಹಪ್ಪಳ ಹರಡಿದಂಗೆ."

ನನಗೆ ನೆಲ ಸೀಳಬಾರದೇ ಅನ್ನಿಸಿತು. ಅಳು ಬಂತು.

"ನಂಗೆ ಆ ಹಕ್ಕಿ ಮ್ಯಾಲೆ ಸಿಟ್ಟು ಬಂದಿತ್ತು," ಎಂದಳು. "ಒಂದು ತಿಂಗ್ಳು ಸಿಟ್ಟು ಇಟ್ಕಂಡಿದ್ದೆ. ದಿನಾ ಬಂದು ರೊಟ್ಟಿ ಕೊಟ್ಟು ಹೋಗೋದು. ಸಿಟ್ಟು ಹೆಂಗೆ ನಿಲ್ತೈತೆ? ಹೋಗ್ಲಿ, ಅದಕ್ಕೆ ಬಿಸ್ಲಾದ್ರೂ ಸಿಗ್ಲಿ ಅಂತ ಪಾಲಣ್ಣನ್ನ ಕರೆಸ್ದೆ. ನೋಡಿದ್ರೆ ಹಕ್ಕಿನೇ ಕೊಂಬೆ ಮ್ಯಾಲೆ ಮಲಗೈತೆ!"

ಇಬ್ಬರಿಗೂ ನಗು ಬಂದು ಎಣ್ಣೆ ಬಟ್ಟಲು ಬಿದ್ದು ಹೋಯಿತು. ಹೋಗುವಾಗ ಬಾಗಿಲಲ್ಲಿ ನಿಂತು, "ನಮ್ಮ ಮಾಳಿಗೆ ಮ್ಯಾಲೆ ಒಣಗ್ಸು. ಬೆಳಿಗ್ಗಿಂದ ಸಂಜೆ ತನಕ ಬಿಸ್ಲು" ಎಂದಳು.

"ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ ನೀನು?"

"ನೀನು ಕೇಳಿದ್ದು ಕೊಂಬೆ. ಮಾಳಿಗೆ ಕೇಳಿದ್ಯಾ?"

ಏಪ್ರಿಲ್ 20

ಎಲ್ಲ ಮಾಲು ದಾವಣಗೆರೆಗೆ ಹೋಯಿತು. ಅಂಗಡಿಯವರು ಇನ್ನೂ ಬೇಕು ಎಂದಿದ್ದಾರೆ. ಮಾವಿನಕಾಯಿ ಒಂದು ಬುಟ್ಟಿ ಸಿಕ್ಕಿತು. ಹುಳಿ ಎಂದರೆ ಎಂಥ ಹುಳಿ! ನಮ್ಮನೆಯವರು ಒಂದು ಹೋಳು ಕಚ್ಚಿ ಒಂದು ಕಣ್ಣು ಮುಚ್ಚಿದವರು ಸಂಜೆ ತನಕ ಬಿಡಲಿಲ್ಲ. ಅಕ್ಕ ಮಾತ್ರ, "ಸಿಹಿನೇ ಐತೆ, ಒಳಗೆ ಐತೆ" ಎನ್ನುತ್ತಾಳೆ.

ಜೂನ್ 12

ಮಳೆ ಹಿಡಿದಿದೆ. ಹಪ್ಪಳದ ಕೆಲಸ ಮುಗಿಯಿತು. ಮೇಡಂ ಗಬ್ಬ, ಹಾಲು ಬತ್ತಿದೆ. ಪ್ಯಾಕೆಟ್ ಹಾಲು ತರುತ್ತಿದ್ದೇನೆ. ಅಕ್ಕನ ಎಡಗಣ್ಣಿಗೂ ಆಪರೇಷನ್ ಆಗಿ, ಡ್ರಾಪ್ಸೂ ನಿಂತಿದೆ. ಸಾಯಂಕಾಲ ಅನ್ನಕ್ಕೆ ಇಟ್ಟು, ಉರಿ ಸಣ್ಣ ಮಾಡಿ, ಒಂದು ಗಳಿಗೆ ಅಂತ ಹೋದೆ.

"ಏನವ್ವ?" ಎಂದಳು ಅಕ್ಕ.

"ಏನಿಲ್ಲ."

"ಮತ್ತೆ ಕೂತ್ಕೋ."

ಕೂತೆ. ಗಾದ್ರಮ್ಮನ ತಮ್ಮನ ಹೆಂಡತಿಯ ವಿಷಯ ಬಂತು, ಅಲ್ಲಿಂದ ಹೊನ್ನಾಳಿಯಲ್ಲಿ ಯಾರದೋ ಮದುವೆಯ ಊಟಕ್ಕೆ ಹೋಯಿತು. ಅಲ್ಲಿ ಬಡಿಸಿದ ಪಾಯಸದ ಬಗ್ಗೆ ನಮ್ಮಿಬ್ಬರಿಗೂ ಒಮ್ಮತ ಬರಲಿಲ್ಲ. ಮಳೆ ನಿಂತದ್ದೇ ಗೊತ್ತಾಗಲಿಲ್ಲ.

ಮನೆಗೆ ಬಂದರೆ ನಮ್ಮನೆಯವರು ಟ್ರಿಪ್ ಮುಗಿಸಿ ಬಂದು ಅಡುಗೆಮನೆಯಲ್ಲಿ ಹೊಗೆಯ ನಡುವೆ ನಿಂತಿದ್ದರು. ಪಾತ್ರೆ ತಳ ಕರ್ರಗೆ.

"ಎಲ್ಲಿಗೆ ಹೋಗಿದ್ದೆ?"

"ಅಕ್ಕನ ಮನೆಗೆ."

ಅವರು ಕೆಮ್ಮುತ್ತಾ ನನ್ನ ಮುಖವನ್ನೇ ನೋಡಿದರು. "ನಿಂಗ್ಯಾವ ಅಕ್ಕ ಅದಾಳೆ?"

ಇದೆಂಥ ಪ್ರಶ್ನೆಯೋ. ಈ ಮನುಷ್ಯನಿಗೆ ಲಾರಿ ಬಿಟ್ಟರೆ ಏನೂ ತಿಳಿಯುವುದಿಲ್ಲ. ಮೇಲಿನ ಅನ್ನ ಚೆನ್ನಾಗಿಯೇ ಇತ್ತು, ಅದನ್ನು ಬಡಿಸಿದೆ.